ಭಾವನಾ ಟೀಚರ್ ಬಲಗೈ

ಬೆಟ್ಟವೇ ಇಲ್ಲದ ದೇಶದಲ್ಲಿ ಬೆಟ್ಟ ಇಳಿಯುವ ಪಾಠ ನಡೆಯುತ್ತದೆ ಎಂದರೆ ನಂಬುವವರು ಯಾರು? ಭಾವನಾ ನಂಬಿರಲಿಲ್ಲ. ಡಚ್ಚರ ನಾಡಿನ ಬಾಡ್‌ಹೂವೆಡಾರ್ಪ್‌ಗೆ ಬಂದ ಮೇಲೆ ಸೈಕಲ್ ತುಳಿದು ತುಳಿದು ಸುತ್ತಲಿನ ನೆಲವೆಲ್ಲ ಅವಳ ಕಾಲಿಗೆ ಬಾಯಿಪಾಠವಾಗಿತ್ತು. ಎತ್ತ ನೋಡಿದರೂ ರೊಟ್ಟಿ ಹಂಚಿನ ಹಾಗೆ ಸಪಾಟು. ಏರು ಎಂದರೆ ಕಾಲುವೆಯ ಮೇಲಿನ ಸೇತುವೆ, ಅದು ಬಿಟ್ಟರೆ ಮನೆಯ ಮೆಟ್ಟಿಲು. ಇಳಿಯುವುದೇನಿದ್ದರೂ ತಲೆಯ ಮೇಲೆ ಗುಡುಗುತ್ತ ಸ್ಕಿಪೋಲ್‌ಗೆ ಬರುವ ವಿಮಾನಗಳ ಕೆಲಸ.

ಅಂಥವಳನ್ನು ಒಂದು ಜುಲೈ ಮಧ್ಯಾಹ್ನ ಮಗಳು ಹಿತಾ ಹಿಮದೊಳಕ್ಕೆ ಎಳೆದುಕೊಂಡು ಹೋದಳು. ಹಿತಾಳ ತರಗತಿಯ ಹುಡುಗಿಯೊಬ್ಬಳ ಹುಟ್ಟುಹಬ್ಬ. ಹಾರ್ಲೆಮ್ ಕಡೆ ಹೋಗುವ ಹೆದ್ದಾರಿಯ ಪಕ್ಕ, ಹಿಂದೆ ಊರ ಕಸ ಸುರಿದು ಸುರಿದು ಗುಡ್ಡವಾಗಿದ್ದ ಜಾಗದ ಮೇಲೆ, ಓರೆಯಾಗಿ ಒರಗಿಸಿಟ್ಟಂಥ ದೊಡ್ಡ ತಗಡಿನ ಗೋದಾಮು. ಹೊರಗೆ ಜನ ಬೆವರೊರೆಸಿಕೊಂಡು ಐಸ್‌ಕ್ರೀಮ್ ತಿನ್ನುತ್ತಿದ್ದಾರೆ. ಒಳಗೆ ಬಾಗಿಲು ತೆರೆದರೆ ಮೂಗು ಉದುರಿ ಬೀಳುವಂಥ ಚಳಿ, ಗೋಡೆಯಿಂದ ಗೋಡೆಗೆ ಬೆಳ್ಳನೆಯ ಹಿಮ, ಅದರ ಮೇಲೆ ಕಾಲಿಗೆ ಉದ್ದುದ್ದ ಹಲಗೆ ಕಟ್ಟಿಕೊಂಡು ಜಾರುತ್ತಿರುವ ಜನವೋ ಜನ. ಭಾವನಾ ಬಾಗಿಲಲ್ಲೇ ಬಾಯಿ ತೆರೆದುಕೊಂಡು ನಿಂತುಬಿಟ್ಟಳು. ಕಸದ ಗುಡ್ಡದ ಮೇಲೆ ಫ್ರಿಜ್ ಕಟ್ಟಿ, ಫ್ರಿಜ್ಜಿನೊಳಗೆ ಹಿಮಾಲಯ ಮಾಡಿಟ್ಟಿದ್ದಾರಲ್ಲ, ಇವರಿಗೆ ಏನೆನ್ನಬೇಕು? ಹಿಂದಿನಿಂದ ಯಾರೋ ಡಚ್ಚಿನಲ್ಲಿ, ಬಾಗಿಲು ಹಾಕಿ, ಬಿಸಿಗಾಳಿ ಒಳಗೆ ಬರುತ್ತಿದೆ ಎಂದು ಗದರಿದರು.

ಗದರಿಸಿಕೊಂಡು ಅಭ್ಯಾಸವಿದ್ದವಳಲ್ಲ ಅವಳು, ಗದರಿಸಿ ಅಭ್ಯಾಸವಿದ್ದವಳು. ರಾಣೇಬೆನ್ನೂರಿನ ಹೆಣ್ಣುಮಗಳು. ಖೋ ಖೋ ಆಡಿ ಜಿಲ್ಲೆಗೆಲ್ಲ ಹೆಸರು ಮಾಡಿ, ಬಿ.ಪಿ.ಎಡ್ ಮುಗಿಸಿ, ಅಲ್ಲೇ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದಳು. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ, ದನಿಯೋ ಮೈದಾನದ ಆಚೆ ಬೇಲಿ ಹಾರುವವನನ್ನೂ ಹಾರಿದಲ್ಲೇ ನಿಲ್ಲಿಸುವಂಥದ್ದು. "ಭಾವನಾ ಟೀಚರ್ ಬಂದ್ರಲೇ" ಎಂದರೆ ಸಾಕು, ಮೀಸೆ ಮೂಡಿದ ಹುಡುಗರೂ ಅಂಗಿ ಒಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಆಮೇಲೆ ಮೈಸೂರಿನ ಯತಿರಾಜನ ಜೊತೆ ಮದುವೆಯಾಯಿತು, ಹಿತಾ ಕೈಗೂಸಾಗಿದ್ದಾಗಲೇ ಇಲ್ಲಿಗೆ ಬಂದದ್ದಾಯಿತು. ಯತಿರಾಜ್ ಆಮರ್ಸ್‌ಫೋರ್ಟ್‌ನ ಕಂಪನಿಯೊಂದರಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವವನು, ದಿನಾ ರೈಲು ಹಿಡಿದು ಹೋಗಿಬರುವವನು, ಒಳ್ಳೆಯವನು. ಆದರೆ ಇಲ್ಲಿ ಭಾವನಾಳ ಸೀಟಿ ಯಾರಿಗೂ ಬೇಕಿರಲಿಲ್ಲ. ಅದು ಬೀರುವಿನ ಕೆಳಗಿನ ಖಾನೆಯಲ್ಲಿ, ಸೇಫ್ಟಿ ಪಿನ್ನುಗಳ ಡಬ್ಬಿಯಲ್ಲಿ ಬಿದ್ದಿತ್ತು.

ಡಚ್ ಕಲಿತು, ಪರೀಕ್ಷೆ ಕಟ್ಟಿ ಪಾಸು ಮಾಡಿ, ಕೊನೆಗೆ ಸಿಕ್ಕಿದ್ದು ಹಿತಾಳ ಶಾಲೆಯಲ್ಲಿ ಮಕ್ಕಳು ಮಧ್ಯಾಹ್ನ ಬ್ರೆಡ್ಡು ತಿನ್ನುವಾಗ ಕಾವಲು ಕೂರುವ ಕೆಲಸ. ಆ ಶಾಲೆಯಲ್ಲಿ ಮಕ್ಕಳು ಟೀಚರಮ್ಮನನ್ನು 'ಯುಫ್' ಎನ್ನುತ್ತಾರೆ. ಒಂದು ದಿನ ಪುಟ್ಟ ಹುಡುಗಿಯೊಬ್ಬಳು ಹಾಲಿನ ಪೊಟ್ಟಣ ಬಿಚ್ಚಿಸಿಕೊಳ್ಳಲು ಬಂದು "ಯುಫ್" ಎಂದು ಕರೆದಳು. ಭಾವನಾಳ ಮೈ ಜುಮ್ಮೆಂದಿತು. ತಿರುಗಿ ನೋಡುವಷ್ಟರಲ್ಲಿ ಹುಡುಗಿ ತಲೆ ಅಲ್ಲಾಡಿಸಿದಳು. "ಅಲ್ಲ, ನೀನು ಯುಫ್ ಅಲ್ಲ. ನೀನು ಹಿತಾಳ ಅಮ್ಮ."

ಮಗು ಹೇಳಿದ್ದರಲ್ಲಿ ಸುಳ್ಳೇನಿತ್ತು? ಆದರೂ ಆ ಮಧ್ಯಾಹ್ನ ಭಾವನಾ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಅತ್ತಳು. ಯಾರಾದರೂ ತನ್ನನ್ನು ಇನ್ನೊಮ್ಮೆ ಟೀಚರ್ ಎಂದು ಕರೆಯಬೇಕು, ಬಾಯ್ತಪ್ಪಿ ಅಲ್ಲ, ಹೌದೆಂದು ಗೊತ್ತಿದ್ದು ಕರೆಯಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಹುಟ್ಟುಹಬ್ಬದ ದಿನ ಮಕ್ಕಳ ಜೊತೆ ಬಂದ ದೊಡ್ಡವರ ಕಾಲಿಗೂ ಹಲಗೆ ಕಟ್ಟಿದರು. ಅವಳಂತೆ ಮೊದಲ ಸಲ ಬಂದಿದ್ದ ಒಬ್ಬ ಎತ್ತರದ ಅಪ್ಪ ಹಿಂದಕ್ಕೆ ವಾಲಿ ಧೊಪ್ಪನೆ ಬಿದ್ದ. ಭಾವನಾಳ ಮಂಡಿ ಮಾತ್ರ ತಾನಾಗಿ ಬಗ್ಗಿತು, ಮೈ ಮುಂದಕ್ಕೆ ಬಾಗಿತು. ಖೋ ಖೋ ಕಂಬ ಸುತ್ತಿದ ಕಾಲುಗಳವು, ಎಲ್ಲಿ ಭಾರ ಹಾಕಬೇಕು ಎಲ್ಲಿ ಎತ್ತಬೇಕು ಎಂದು ಅವಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಲ್ಲಿಂದ ಹುಚ್ಚು ಹಿಡಿಯಿತು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಅವಳು ಆ ಹಿಮದ ಮನೆಯ ದೊಡ್ಡ ಇಳಿಜಾರನ್ನು ಸರಾಗವಾಗಿ ಹಾವಿನ ಹಾಗೆ ತಿರುವು ಹಾಕುತ್ತ ಇಳಿಯುತ್ತಿದ್ದಳು. ಆಗ ಗೋಡೆಯ ಮೇಲೆ ಕಂಡಿತು: ಹೊಸಬರಿಗೆ ಕಲಿಸುವ ಮೊದಲ ಹಂತದ ಸ್ಕೀ ಶಿಕ್ಷಕರ ತರಬೇತಿ, ಬೇಕಾದವರು ಹೆಸರು ಕೊಡಿ.

"ಸ್ಕೀ ಟೀಚರಾ?" ಎಂದ ಯತಿರಾಜ್, ಊಟದ ತಟ್ಟೆಯಿಂದ ತಲೆಯೆತ್ತಿ. "ರಾಣೇಬೆನ್ನೂರಿಂದ ಬಂದು ನೀನು ಡಚ್ಚರ ಮಕ್ಕಳಿಗೆ ಹಿಮದ ಮೇಲೆ ಜಾರೋದು ಹೇಳ್ಕೊಡ್ತೀಯಾ?"

"ಯಾಕ್ರೀ, ಅವರಿಗರ ಇಲ್ಲಿ ಗುಡ್ಡ ಐತೇನು? ಅವರೂ ನನ್ನಂಗ ಫ್ರಿಜ್ಜಿನ್ಯಾಗ ಕಲ್ತವರು," ಎಂದಳು ಭಾವನಾ.

ಯತಿರಾಜ್ ಇನ್ನೊಂದು ಚಪಾತಿ ಹಾಕಿಸಿಕೊಂಡ.

ತರಬೇತಿಗೆ ಹೋದ ಮೊದಲ ದಿನ ಅವಳನ್ನು ನಡುಗಿಸಿದ್ದು ಚಳಿಯಲ್ಲ, ಮಾರ್ಯೊಲೈನ್. ಅರವತ್ತು ದಾಟಿದ ಹೆಂಗಸು, ಗಂಡಸರ ಹಾಗೆ ಕತ್ತರಿಸಿದ ಬಿಳಿ ಕೂದಲು, ಪಾಸಾದ ಶಿಕ್ಷಕರಷ್ಟೇ ತೊಡುವ ಕೆಂಪು ಜಾಕೆಟ್ಟು; ಅಲ್ಲಿನ ಶಿಕ್ಷಕರಿಗೆಲ್ಲ ಶಿಕ್ಷಕಿ. ತಾಯಿಯ ವಯಸ್ಸಿನವಳನ್ನು ಬರೀ ಹೆಸರು ಹಿಡಿದು ಕರೆಯುವುದು ಹೇಗೆ? ಭಾವನಾ "ಮಾರ್ಯೊಲೈನ್ ಮೇಡಂ" ಎಂದಳು. ಆಕೆ ತನ್ನ ಹಿಂದೆ ತಿರುಗಿ ನೋಡಿ, "ಮೇಡಂ ಎಲ್ಲಿದ್ದಾರೆ? ನನಗೆ ಕಾಣಿಸುತ್ತಿಲ್ಲ," ಎಂದಳು. ಜೊತೆಗೆ ಕಲಿಯಲು ಬಂದಿದ್ದ ಹುಡುಗ ಹುಡುಗಿಯರೆಲ್ಲ ನಕ್ಕರು.

ಮೊದಲ ಮಾದರಿ ಪಾಠಕ್ಕೆ ಭಾವನಾ ರಾಣೇಬೆನ್ನೂರಿನ ಮೈದಾನದಲ್ಲಿ ನಿಂತಂತೆ ನಿಂತಳು. ಜೊತೆಯವರನ್ನೇ ಮಕ್ಕಳೆಂದು ಸಾಲು ಮಾಡಿಸಿದಳು, ಕಾಲಿನ ಸ್ಥಾನ, ಮಂಡಿಯ ಸ್ಥಾನ, ದೃಷ್ಟಿಯ ಸ್ಥಾನ ಎಂದು ಚೆನ್ನಾಗಿ ವಿವರಿಸಿದಳು. ಮುಗಿಸಿದಾಗ ಮಾರ್ಯೊಲೈನ್ ಎಲ್ಲರ ಮುಂದೆ, ದನಿ ಒಂದಿಷ್ಟೂ ಏರಿಸದೆ, "ಇದು ಪಾಠವಲ್ಲ, ಭಾಷಣ. ಮಕ್ಕಳಾಗಿದ್ದರೆ ಇಷ್ಟು ಹೊತ್ತಿಗೆ ಹೆಪ್ಪುಗಟ್ಟಿರುತ್ತಿದ್ದರು," ಎಂದಳು. ಆಮೇಲೆ ಉಳಿದವರೂ ತಪ್ಪು ಹೇಳಬೇಕಂತೆ. ಇನ್ನೂ ಗಡ್ಡ ಬಾರದ ಒಬ್ಬ, "ನೀನು ಕೂಗುತ್ತೀಯ. ನನಗೆ ಹೆದರಿಕೆಯಾಯಿತು," ಎಂದ. ಭಾವನಾ ಕಕ್ಕಾಬಿಕ್ಕಿಯಾದಳು. ಹದಿನೈದು ನಿಮಿಷದ ಹಿಂದೆ ತನ್ನ ಬಿಸ್ಕತ್ತು ತಿಂದವನು ಇವನೇ. ಅವಳ ಸರದಿ ಬಂದಾಗ ಅದೇ ಹುಡುಗನ ಪಾಠವನ್ನು ತುಂಬಾ ಚೆನ್ನಾಗಿತ್ತು ಎಂದಳು. "ಸುಳ್ಳು," ಎಂದಳು ಮಾರ್ಯೊಲೈನ್. "ಅವನು ಹಿಂದೆ ಬರುತ್ತಿದ್ದವರನ್ನು ಒಮ್ಮೆಯೂ ನೋಡಲಿಲ್ಲ. ನೀನು ಅದನ್ನು ನೋಡಿದೆ. ನೋಡಿಯೂ ಹೇಳಲಿಲ್ಲ." ಅದು ನಿಜವಾಗಿತ್ತು. ಮೂರು ದಿನ ಅವಳಿಗೆ ಊಟ ರುಚಿಸಲಿಲ್ಲ.

ಆದರೂ ಬಿಡಲಿಲ್ಲ. ಬಿಡುವ ಜಾತಿಯವಳಲ್ಲ. ಮಾತು ಕಡಿಮೆ ಮಾಡಿದಳು, ದನಿ ತಗ್ಗಿಸಿದಳು. ಮಕ್ಕಳಿಗೆ ನಿಲ್ಲಲು ಹೇಳಿಕೊಡುವುದಕ್ಕೆ ಇಲ್ಲಿ ಪಿಜ್ಜಾ ಎನ್ನುತ್ತಾರೆ: ಎರಡು ಹಲಗೆಯ ಮೂತಿ ಹತ್ತಿರ ತಂದು ಹಿಂಬದಿ ಅಗಲಿಸಿದರೆ ಪಿಜ್ಜಾದ ತುಂಡಿನ ಆಕಾರ, ಜಾರುವುದು ನಿಲ್ಲುತ್ತದೆ. ಅದನ್ನು ಕಲಿತಳು, ಕಲಿಸುವುದನ್ನೂ ಕಲಿತಳು. ಎಲ್ಲಕ್ಕಿಂತ ಮೊದಲಿನ ಕಟ್ಟಳೆಯನ್ನು ಮಾರ್ಯೊಲೈನ್ ಪ್ರತಿ ತರಗತಿಯಲ್ಲೂ ಹೇಳುತ್ತಿದ್ದಳು. "ಕೈ ಹಿಡಿದ ಮಗುವನ್ನು ಅದು ಪೂರ್ತಿ ನಿಲ್ಲುವವರೆಗೆ ಬಿಡಬಾರದು. ಬೇರೆ ಯಾವ ತಪ್ಪಿಗೂ ನನ್ನಲ್ಲಿ ಕ್ಷಮೆಯಿದೆ, ಇದಕ್ಕಿಲ್ಲ." ಭಾವನಾಳಿಗೆ ನಗು ಬರುತ್ತಿತ್ತು. ಹಿಡಿದ ಮಗುವಿನ ಕೈಯನ್ನು ಯಾವ ತಾಯಿ ಬಿಡುತ್ತಾಳೆ?

ಪರೀಕ್ಷೆಯ ಶನಿವಾರ ಬಂತು. ನಿಜವಾದ ಮಕ್ಕಳು, ಐದೈದು ವರ್ಷದ ಮೂವರು, ಅವರಿಗೆ ಪಾಠ ಮಾಡಿ ತೋರಿಸಬೇಕು. ಅಪ್ಪ ಅಮ್ಮಂದಿರು ಮೇಲಿನ ಕೆಫೆಯ ಗಾಜಿನ ಹಿಂದೆ ಕಾಫಿ ಹಿಡಿದು ಕೂತಿದ್ದರು. ಮಾರ್ಯೊಲೈನ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಪಾಠ ಎಷ್ಟು ಸೊಗಸಾಗಿ ಹೋಯಿತೆಂದರೆ ಒಮ್ಮೆ ಮಾರ್ಯೊಲೈನಳ ಬಾಯಿಯ ಒಂದು ತುದಿ ಮೇಲಕ್ಕೆ ಹೋದದ್ದನ್ನು ಭಾವನಾ ಕಂಡಳು. ಆಗಿಹೋಯಿತು, ಕೆಂಪು ಜಾಕೆಟ್ಟು ನನ್ನದೇ ಎಂದುಕೊಂಡಳು.

ಕೊನೆಯ ಸಲ ಇಳಿಯುವಾಗ ಟೈಸ್ ಎಂಬ ಹುಡುಗ ಇಳಿಜಾರಿನ ನಡುವೆ ಕುಕ್ಕರುಬಡಿದ. ಭಾವನಾ ಆಗ ಫ್ಲೂರ್ ಎಂಬ ಹುಡುಗಿಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು. ಎಡಗೈಯಲ್ಲಿ ಯಾರೋ ಬೀಳಿಸಿಕೊಂಡ ಪುಟಾಣಿ ಕೈಗವಸು. ಟೈಸನ ಪಕ್ಕದಲ್ಲಿ ನಿಲ್ಲೋಣವೆಂದು ಕಾಲು ಸರಿಸಿದಳು. ಬೂಟು ಹೋಗಿ ಅವನ ಬೆನ್ನಿಗೆ ತಾಗಿತು. ಜೋರಾಗೇನೂ ಅಲ್ಲ, ಅಷ್ಟು ದಪ್ಪ ಅಂಗಿಯೊಳಗೆ ಅವನಿಗೆ ಗೊತ್ತೂ ಆಗಲಿಲ್ಲ.

ಆದರೆ ಕಾಲು ತಾಗಿತಲ್ಲ. ಪುಸ್ತಕಕ್ಕೆ ತಾಗಿದರೂ, ಪೊರಕೆಗೆ ತಾಗಿದರೂ, ಬಸ್ಸಿನಲ್ಲಿ ಗುರುತಿಲ್ಲದವರಿಗೆ ತಾಗಿದರೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಕೈ ಅವಳದು. ನಡೆಯಲು ಕಲಿತಾಗಿನಿಂದ ಆ ಕೈಗೆ ಅದೇ ಅಭ್ಯಾಸ. ಅದು ಭಾವನಾಳನ್ನು ಕೇಳಲಿಲ್ಲ. ಫ್ಲೂರಳ ಕೈ ಬಿಟ್ಟಿತು, ಬಗ್ಗಿ ಟೈಸನ ಬೆನ್ನು ಮುಟ್ಟಿತು, ಮೇಲೆ ಬಂದು ಅವಳ ಹಿಮಗನ್ನಡಕದ ಗಾಜಿಗೆ ಒತ್ತಿಕೊಂಡಿತು.

ಗಾಜಿನಿಂದ ಬೆರಳು ತೆಗೆದಾಗ ಫ್ಲೂರ್ ಪಕ್ಕದಲ್ಲಿರಲಿಲ್ಲ.

ಹುಡುಗಿ ಕೂಗಲೂ ಇಲ್ಲ. ಎರಡೂ ಕೈ ಅಗಲಿಸಿಕೊಂಡು, ಪಿಜ್ಜಾ ಗಿಜ್ಜಾ ಎಲ್ಲ ಮರೆತು, ನೆಟ್ಟಗೆ ಕೆಳಕ್ಕೆ ಹೋಗುತ್ತಿದ್ದಳು. ಭಾವನಾ ಅವಳ ಹಿಂದೆ ಹಾರಿದಳು, ಖೋ ಖೋ ಆಡುವಾಗಲೂ ಹಾಗೆ ಹಾರಿರಲಿಲ್ಲ, ಆದರೆ ಮಗು ಮುಂದಿತ್ತು. ಕೆಳಗೆ ಕಟ್ಟಿದ್ದ ಬಲೆಗೆ ಫ್ಲೂರ್ ಮುಖ ಬಡಿದುಕೊಂಡು ಬಿದ್ದಳು. ಭಾವನಾ ಎತ್ತಿ ತಿರುಗಿಸಿದರೆ ಬಾಯಿ ತುಂಬಾ ರಕ್ತ. ಹಿಮದ ಮೇಲೆ ತೊಟ್ಟು ತೊಟ್ಟಾಗಿ ಕೆಂಪು.  ತನ್ನ ಜನ್ಮದಲ್ಲಿ ಎಷ್ಟೋ ಮಕ್ಕಳ ಮಂಡಿಯ ಗಾಯಕ್ಕೆ ಟಿಂಚರ್ ಹಚ್ಚಿದವಳು, ಈಗ ಮಗುವಿನ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಬೆರಳು ಏಳಲೊಲ್ಲದು.

ಕೆಫೆಯಿಂದ ಫ್ಲೂರಳ ತಾಯಿ ಮಾಮೂಲಿ ಚಪ್ಪಟೆ ಶೂನಲ್ಲೇ ಹಿಮದ ಮೇಲೆ ನಡೆದು ಬಂದಳು. ಬಾರುಕೋಲಿನಂಥ ಹೆಂಗಸು. ಭಾವನಾ ಕಣ್ಣು ಮುಚ್ಚಿಕೊಂಡಳು. ರಾಣೇಬೆನ್ನೂರಾಗಿದ್ದರೆ ಇಷ್ಟು ಹೊತ್ತಿಗೆ ಮಗುವಿನ ಸೋದರಮಾವನವರೆಗೂ ಎಲ್ಲರೂ ಹೆಡ್‌ಮಾಸ್ಟರ ಕೋಣೆಯಲ್ಲಿರುತ್ತಿದ್ದರು. ತಾಯಿ ಮಗುವಿನ ಬಾಯಿ ತೆರೆಸಿ ನೋಡಿದಳು. ಆಮೇಲೆ ಸುತ್ತಲೂ ನೋಡಿ ಕೇಳಿದಳು.

"ಹಲ್ಲು ಎಲ್ಲಿ?"

ಮುಂದಿನ ಹಲ್ಲು ವಾರದಿಂದ ಅಲ್ಲಾಡುತ್ತಿತ್ತಂತೆ. ಇವತ್ತು ಬಿದ್ದಿದೆ. ಬಿದ್ದದ್ದಕ್ಕೆ ದುಃಖವಿಲ್ಲ, ಆದರೆ ದಿಂಬಿನ ಕೆಳಗೆ ಇಡಲು ಹಲ್ಲು ಬೇಕು, ಇಲ್ಲದಿದ್ದರೆ ರಾತ್ರಿ ಹಲ್ಲು ಒಯ್ದು ಕಾಸು ಇಟ್ಟುಹೋಗುವ ಹಲ್ಲಿನ ಕಿನ್ನರಿ ಬರುವುದಿಲ್ಲ. ಫ್ಲೂರ್ ಅಳಲು ಶುರುಮಾಡಿದ್ದು ಆಗಲೇ. ತೆಗೋ, ಪರೀಕ್ಷೆ ನಿಂತಿತು. ಕಲಿಯುವವರು, ಕಲಿಸುವವರು, ಟೈಸ್, ಮಾರ್ಯೊಲೈನ್, ಎಲ್ಲರೂ ಮಂಡಿಯೂರಿ ಬಿಳಿ ಹಿಮದಲ್ಲಿ ಬಿಳಿ ಹಲ್ಲು ಹುಡುಕತೊಡಗಿದರು. ಭಾವನಾಳಿಗೆ ಇದು ಕನಸೋ ನನಸೋ ತಿಳಿಯದಾಯಿತು. ಕೊನೆಗೆ ಬಲೆಯ ಬುಡದಲ್ಲಿ ಅವಳ ಕಣ್ಣಿಗೇ ಬಿತ್ತು, ಬೇರಿನಲ್ಲಿ ಒಂದಿಷ್ಟು ಕೆಂಪು ಇದ್ದುದರಿಂದ.

ತಾಯಿ ಅದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿಕೊಂಡಳು. "ನೀನು ಗಟ್ಟಿಯಾಗಿ ಹಿಡಿಯಬೇಕಿತ್ತು," ಎಂದಳು. "ಈಗ ಗೊತ್ತಾಯಿತಲ್ಲ." ಅಷ್ಟೇ. ಮಗುವನ್ನು ಎತ್ತಿಕೊಂಡು ಹೋಗಿ ಕೆಫೆಯಲ್ಲಿ ಕೂತಳು. ಬೈಸಿಕೊಳ್ಳಲು ಮೈಯೆಲ್ಲ ಗಟ್ಟಿಮಾಡಿಕೊಂಡು ನಿಂತಿದ್ದವಳಿಗೆ ಬೈಗುಳವೇ ಸಿಗದಿದ್ದರೆ ಹೇಗಾಗಬೇಡ? ಭಾವನಾಳಿಗೆ ಅದೇ ಹೆಚ್ಚು ನೋವಾಯಿತು.

"ನಪಾಸು," ಎಂದಳು ಮಾರ್ಯೊಲೈನ್. ಅಲ್ಲೇ, ಎಲ್ಲರ ಎದುರಿಗೆ. ಆಮೇಲೆ ಉಳಿದವರು ಹೋದ ಮೇಲೆ ಪಕ್ಕಕ್ಕೆ ಕರೆದು ಕೇಳಿದಳು. "ಆ ಹುಡುಗನನ್ನು ಮುಟ್ಟಿ ಕಣ್ಣು ಮುಟ್ಟಿಕೊಂಡೆಯಲ್ಲ, ಏನದು?"

ಭಾವನಾ ಹೇಳಿದಳು. ಕಾಲು ತಾಗಿದರೆ ತಪ್ಪಾಯಿತು ಎನ್ನುವುದು. ನಮ್ಮಲ್ಲಿ ಎಲ್ಲರೂ ಮಾಡುತ್ತೇವೆ.

"ಐದು ವರ್ಷದವನಿಗೂ?"

"ಯಾರಿಗಾದರೂ."

 ಅಷ್ಟು ದಿನದಲ್ಲಿ ಮೊದಲ ಸಲ ಮಾರ್ಯೊಲೈನಳ ಮುಖದ ಮೇಲೆ ಬೆರಗು ಕಂಡಿತು. "ಒಳ್ಳೆಯ ವಿಷಯ," ಎಂದಳು. "ನನ್ನ ಇಡೀ ಆಯುಷ್ಯದಲ್ಲಿ ನಾನು ತುಳಿದವರನ್ನು ನೆನೆಸಿಕೊಂಡರೆ ನನಗೆ ನಾಚಿಕೆಯಾಗಬೇಕು. ಆದರೆ ನಿನ್ನ ಕೈ ನಿನ್ನನ್ನು ಕೇಳದೆ ಹೋಯಿತು. ಅಂಥ ಕೈಗೆ ನಾನು ಮಕ್ಕಳನ್ನು ಕೊಡಲಾರೆ. ಒಂದೂವರೆ ತಿಂಗಳ ಮೇಲೆ ಇನ್ನೊಂದು ಪರೀಕ್ಷೆಯಿದೆ, ಬಾ. ಮಾಡಬೇಡ ಎನ್ನುವುದಿಲ್ಲ. ಮಕ್ಕಳೆಲ್ಲ ಕೆಳಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಎಷ್ಟು ಬೇಕಾದರೂ ಮಾಡು."

ಮನೆಗೆ ಬಂದವಳು ಬೂಟು ಬಿಚ್ಚದೆ ಮೆಟ್ಟಿಲ ಮೇಲೆ ಕೂತಳು. ಯತಿರಾಜ್ ಎಲ್ಲ ಕೇಳಿಸಿಕೊಂಡ. ನಗಬಾರದೆಂದು ತುಟಿ ಕಚ್ಚಿಕೊಂಡ, ಆದರೂ ನಕ್ಕ, ಅವಳ ಮುಖ ನೋಡಿ ನಿಲ್ಲಿಸಿದ.

"ಇದು ಬಗ್ ಕಣೇ," ಎಂದ. "ಆಫೀಸಲ್ಲಿ ದಿನಾ ನೋಡ್ತೀನಿ. ಅದೇ ಸಿಚುಯೇಶನ್ನ ಮತ್ತೆ ಮತ್ತೆ ಕ್ರಿಯೇಟ್ ಮಾಡಿ ಟೆಸ್ಟ್ ಮಾಡಿದ್ರೆ ಹೋಗತ್ತೆ."

"ಹೆಂಗ ಮಾಡೂದು?"

"ನನ್ನ ಒದಿ."

ಆಗ ಮನೆಯಲ್ಲಿ ಯತಿರಾಜನ ತಾಯಿ ರುಕ್ಮಿಣಿ ಇದ್ದರು. ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಹೋಗಲೆಂದು ಮೈಸೂರಿನಿಂದ ಬಂದವರು. ಮಾತು ಕಡಿಮೆ, ಕಣ್ಣು ಚುರುಕು. ಮರುದಿನ ಭಾನುವಾರ ಮಧ್ಯಾ‌ಹ್ನದ ನಿದ್ದೆ ಮುಗಿಸಿ ಕೋಣೆಯಿಂದ ಹೊರಗೆ ಬಂದ ಅವರು ಕಂಡ ದೃಶ್ಯ ಹೀಗಿತ್ತು: ಎದೆಯೆತ್ತರ ಬೆಳೆದ ಮಗ ಕಂಬಳಿಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಸೊಸೆ ಮೊಮ್ಮಗಳ ಕೈ ಹಿಡಿದು ನಿಂತು ಅವನ ಬೆನ್ನಿಗೆ ಒದೆಯುತ್ತಿದ್ದಾಳೆ. ಮಗ, "ಇನ್ನೊಂದ್ಸಲ, ಈ ಸಲ ಸ್ವಲ್ಪ ಜೋರಾಗಿ," ಎನ್ನುತ್ತಿದ್ದಾನೆ. ಮೊಮ್ಮಗಳು ಹಿತಾ, "ಮಮ್ಮ, ಯೂ ಲೆಟ್ ಗೋ ಅಗೇನ್," ಎಂದು ಬಿದ್ದು ಬಿದ್ದು ನಗುತ್ತಿದ್ದಾಳೆ.

ರುಕ್ಮಿಣಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಭಾವನಾಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಯತಿರಾಜ್ ಬಾಗಿಲು ತಟ್ಟಿ, ಅಮ್ಮಾ, ಹಾಗಲ್ಲ ಕೇಳಿಲ್ಲಿ ಎಂದು ಬೇಡಿ, ಕೊನೆಗೆ ಅವರು ಬಾಗಿಲು ತೆಗೆದಾಗ ಕಣ್ಣು ಕೆಂಪಗಿತ್ತು. "ಅಲ್ಲ ಕಣೋ ಯತಿ, ಈ ದೇಶಕ್ಕೆ ಬಂದು ಎಷ್ಟು ದಿನದಿಂದ ನಡೀತಿದೆ ಇದು?" ಎಂದು ಕೇಳಿದರು. ವಿಷಯ ಪೂರ್ತಿ ಹೇಳಿದ ಮೇಲೆ ಅವರ ಮುಖ ತಿಳಿಯಾಗಬೇಕಿತ್ತು. ಆಗಲಿಲ್ಲ.

"ಒದ್ದಿದ್ದು ಬಿಡು, ಪಾಠಕ್ಕೆ ಅಂತ ಒದ್ದಿದಾಳೆ," ಎಂದರು. "ಆದ್ರೆ ತಪ್ಪಾಯ್ತು ಅನ್ನೋ ಕೈನ ಅನ್ನದೇ ಇರೋ ಹಾಗೆ ಮಾಡೋದಕ್ಕೆ ಗಂಡ ಹೆಂಡ್ತಿ ಕೂತು ಅಭ್ಯಾಸ ಮಾಡ್ತಿದೀರಲ್ಲಪ್ಪ. ಇದನ್ನ ನಾನು ಎಲ್ಲೂ ಕೇಳಿಲ್ಲ."

"ಅತ್ತಿ, ಒಂದ್ ಕೂಸಿಂದು ಹಲ್ಲು ಬಿತ್ರೀ ನನ್ನ ಕೈಯಾಗ," ಎಂದಳು ಭಾವನಾ.  "ನಾಳೆ ಇನ್ನೊಂದಕ್ಕ ಏನಾರ ಆದ್ರ ನಾ ಹೆಂಗ್ ಬದುಕ್ಲಿ?"

ರುಕ್ಮಿಣಿ ಸೊಸೆಯ ಮುಖವನ್ನು ನೋಡಿದರು. "ಅದೂ ನಿಜ," ಎಂದರು. "ಮಗು ಕೈ ಬಿಡಬಾರದು. ಕಲ್ತ್ಕೋಮ್ಮ." ಆಮೇಲೆ ಅಭ್ಯಾಸ ನಡೆಯುವಾಗಲೆಲ್ಲ ಅವರು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದರು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು.

ಅಭ್ಯಾಸವೇನು ಸುಲಭವೇ! ಮೊದಲ ದಿನಗಳಲ್ಲಿ ಕೈ ಹಿತಾಳನ್ನು ಬಿಟ್ಟು ಸೀದಾ ಯತಿರಾಜನ ಬೆನ್ನಿಗೆ, ಅಲ್ಲಿಂದ ಕಣ್ಣಿಗೆ. ಇನ್ನು ಬಿಡುವುದಿಲ್ಲ ಎಂದು ಹಲ್ಲು ಕಚ್ಚಿದರೆ ಹಿತಾಳನ್ನೂ ಎಳೆದುಕೊಂಡೇ ಬಗ್ಗುತ್ತಿತ್ತು. ಆಮೇಲಾಮೇಲೆ ಅರ್ಧಕ್ಕೆ ಹೋಗಿ ನಿಂತಿತು. ಆಮೇಲೆ ಬೆರಳಷ್ಟೇ ಅದುರಿದವು. ಯತಿರಾಜನ ಬೆನ್ನಿಗೆ ನೋವಿನ ಎಣ್ಣೆ ಹಚ್ಚುವ ಸ್ಥಿತಿ ಬಂದಿತ್ತು. ಒಂದು ಸಂಜೆ ಒದ್ದಳು, ಹಿತಾ ಕಾಯುತ್ತಾ ನಿಂತಳು, ಯತಿರಾಜ್ ಕಾಯುತ್ತಾ ಕೂತ. ಕೈ ಕದಲಲಿಲ್ಲ. ಯತಿರಾಜ್ ಎದ್ದು ಕುಣಿದುಬಿಟ್ಟ. ಅಡುಗೆಮನೆಯಲ್ಲಿ ನಲ್ಲಿ ಹರಿಯುತ್ತಲೇ ಇತ್ತು.

ಮರುಪರೀಕ್ಷೆಯ ದಿನವೂ ಬಂತು. ಈ ಸಲ ಬೇರೆ ಮೂವರು ಮಕ್ಕಳು. ಪಾಠ ಹಿಂದಿನಷ್ಟು ಸೊಗಸಾಗಿಯೇನೂ ಆಗಲಿಲ್ಲ; ಒಂದು ಮಗು ಮೂತ್ರಕ್ಕೆ ಹೋಗಬೇಕೆಂದು ಅತ್ತಿತು, ಇನ್ನೊಂದು ಹಿಮ ತಿನ್ನುತ್ತಾ ಕೂತಿತು. ಹಿಮ ತಿನ್ನುತ್ತಿದ್ದ ಮಗುವಿನ ಪಕ್ಕದಿಂದ ಹಾದು ಹೋಗುವಾಗ, ಇನ್ನೊಬ್ಬಳ ಕೈ ಅವಳ ಬಲಗೈಯಲ್ಲಿರುವಾಗ, ಬೂಟು ತಾಗಿಯೇಬಿಟ್ಟಿತು. ಮಗುವಿನ ಮಂಡಿಗೆ, ಈ ಸಲ ಸ್ವಲ್ಪ ಬಲವಾಗಿಯೇ. ಮಗು "ಆವ್" ಎಂದಿತು.

ಕೈ ಹಿಡಿದಲ್ಲೇ ಇತ್ತು. ಭಾವನಾ ಡಚ್ಚಿನಲ್ಲಿ ಸಾರಿ ಎಂದಳು, ಹಿಡಿದ ಮಗುವನ್ನು ಪಿಜ್ಜಾ ಮಾಡಿಸಿ ಪೂರ್ತಿ ನಿಲ್ಲಿಸಿದಳು, ಆಮೇಲೆ ಕೂತಿದ್ದ ಮಗುವನ್ನು ಎಬ್ಬಿಸಿದಳು. ಒಬ್ಬೊಬ್ಬರನ್ನೇ ಕೆಳಗೆ ತಂದು ಬೆಂಚಿನ ಮೇಲೆ ಕೂರಿಸಿದಳು. ಮಾರ್ಯೊಲೈನ್ ನಿಧಾನವಾಗಿ ಜಾರಿಕೊಂಡು ಬಂದು ಪಕ್ಕದಲ್ಲಿ ನಿಂತು, "ಪಾಸು," ಎಂದಳು. ಹಿಂದೆ ನಪಾಸು ಎಂದ ದನಿಯಲ್ಲೇ.

ಮಡಿಚಿದ ಕೆಂಪು ಜಾಕೆಟ್ಟನ್ನು ಕೈಗೆ ಕೊಟ್ಟರು. ಅದರ ಎದೆಯ ಮೇಲೆ ಅವಳ ಹೆಸರು. ಹಿಮ ತಿಂದ ಮಗು ಬೆಂಚಿನಿಂದಲೇ, "ಯುಫ್ ಭಾವನಾ, ನನ್ನ ಬೂಟು ಬಿಚ್ಚಿಕೊಡು," ಎಂದಿತು. ಈ ಮಗು ಮಾತು ತಿದ್ದಿಕೊಳ್ಳಲಿಲ್ಲ. ಭಾವನಾ ಮಂಡಿಯೂರಿ ಕೂತು ಬೂಟಿನ ಕೊಂಡಿ ಬಿಚ್ಚುವಾಗ ಕಣ್ಣು ಮಂಜಾಗಿ ಕೊಂಡಿಯೇ ಕಾಣಲಿಲ್ಲ. ಮಕ್ಕಳು ಕೂತ ಮೇಲೆ ತಾಗಿದ ಮಂಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂಬುದು ಆ ಸಂತೋಷದಲ್ಲಿ ಅವಳಿಗೆ ನೆನಪೇ ಆಗಲಿಲ್ಲ.

ಬಸ್ಸಿನಲ್ಲಿ ಬರುವಾಗ ಫೋನು ತೆಗೆಯಲಿಲ್ಲ. ಮನೆಗೆ ಹೋಗಿ ಜಾಕೆಟ್ಟು ತೊಟ್ಟುಕೊಂಡೇ ಎಲ್ಲರ ಮುಂದೆ ನಿಲ್ಲಬೇಕು, ಎಲ್ಲರೂ ದಂಗಾಗಬೇಕು. ಬೀಗ ತೆಗೆದು ಒಳಗೆ ಬಂದರೆ ಯತಿರಾಜ್, ಹಿತಾ ಇಬ್ಬರೂ ಇಲ್ಲ, ಈಜಿನ ಕ್ಲಾಸಿಗೆ ಹೋಗಿದ್ದರು. ರುಕ್ಮಿಣಿ ಒಬ್ಬರೇ ಬಾಲ್ಕನಿಯ ಬಾಗಿಲ ಬಳಿ ನೆಲದ ಮೇಲೆ ಕಾಲು ಚಾಚಿ ಕೂತು, ಟರ್ಕಿಯವರ ಅಂಗಡಿಯಿಂದ ತಂದ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

"ಬಂದೆ ಅತ್ತಿ, ಒಂದ್ ನಿಮಿಷ ತಡೀರಿ, ಒಳಗಿಂದ ಬರ್ತೀನಿ," ಎಂದು ಭಾವನಾ ಜಾಕೆಟ್ಟಿನ ಚೀಲ ಹಿಡಿದುಕೊಂಡು ಅವರನ್ನು ದಾಟಿ ಕೋಣೆಯ ಕಡೆ ಓಡಿದಳು.

"ಪಾಸಾದ್ಯಾ?" ಎಂದರು ರುಕ್ಮಿಣಿ.

ಭಾವನಾ ಬಾಗಿಲಲ್ಲೇ ನಿಂತಳು. ಅವಳ ಆಟವೆಲ್ಲ ಕೆಟ್ಟಿತು, ಆದರೂ ಮುಖದ ತುಂಬಾ ನಗು. "ಹೂಂ ಅತ್ತಿ! ನಿಮಗ ಹೆಂಗ್ ಗೊತ್ತಾತು? ಯಾರರ ಫೋನ್ ಮಾಡಿದ್ರೇನು?"

"ಇಲ್ಲ," ಎಂದರು ಅವರು, ಸೊಪ್ಪಿನ ಕಡ್ಡಿಯಿಂದ ಎಲೆ ಕೀಳುತ್ತಾ. ದನಿಯಲ್ಲಿ ಕೋಪವಿರಲಿಲ್ಲ. "ಈಗ ದಾಟಿ ಹೋದ್ಯಲ್ಲ, ನಿನ್ನ ಕಾಲು ನನ್ನ ಕಾಲಿಗೆ ತಾಗ್ತು."

ಭಾವನಾ ತನ್ನ ಬಲಗೈಯನ್ನು ನೋಡಿದಳು. ಅದು ಚೀಲದ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇತ್ತು.